ಬೆನ್ನ ಕೆಳಗಿನ ಚಳಿ: ಕೇದಾರಕಂಠದ ದಾರಿಯಲ್ಲಿ ಹ್ಯಾಮಕ್ ಕಟ್ಟಿದ ಒಂದು ಪ್ರಕರಣ

ಪ್ರಕರಣ ಇಷ್ಟು. ಹುಬ್ಬಳ್ಳಿಯ ಹುಡುಗನೊಬ್ಬ ನವೆಂಬರ್ ಮೊದಲ ವಾರದಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಟ್ರೆಕ್ ಹೋದ. ಮೊದಲ ಕ್ಯಾಂಪ್ ಜುಡಾ ಕಾ ತಾಲಾಬ್, ಸುಮಾರು 2,770 ಮೀಟರ್ ಎತ್ತರ. ಅಲ್ಲಿ ಎಲ್ಲರೂ ಟೆಂಟ್‌ನಲ್ಲಿ ಮಲಗಿದರೆ ಇವನೊಬ್ಬ ಎರಡು ಮರದ ನಡುವೆ ಹ್ಯಾಮಕ್, ಅಂದರೆ ಬಟ್ಟೆಯ ತೂಗುಹಾಸಿಗೆ, ಕಟ್ಟಿ ಮಲಗಿದ. ಸ್ಲೀಪಿಂಗ್ ಬ್ಯಾಗ್ ಒಳ್ಳೆಯದೇ ಇತ್ತು. ಮೈಮೇಲೆ ಬಟ್ಟೆ ಸಾಕಷ್ಟಿತ್ತು. ಮಳೆ ಇಲ್ಲ, ಗಾಳಿಯೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ನಡುರಾತ್ರಿ ದಾಟುತ್ತಿದ್ದಂತೆ ನಡುಗುತ್ತಾ ಎದ್ದ. ಬೆಳಗ್ಗೆ ತಲೆನೋವು, ವಾಕರಿಕೆ. ಮುಂದಿನ ಕ್ಯಾಂಪ್ ಇನ್ನೂ 660 ಮೀಟರ್ ಮೇಲಿತ್ತು. ಹೋಗಬೇಕೋ ಬೇಡವೋ ಎಂದು ಚಹಾ ಆರುವಷ್ಟರಲ್ಲಿ ತೀರ್ಮಾನ ಆಗಬೇಕಿತ್ತು.

ನಾನು ಆ ತಂಡದಲ್ಲಿದ್ದೆ. ಒಟ್ಟು ಮೂವರು, ಜೊತೆಗೆ ಟ್ರೆಕ್ ಶುರುವಾಗುವ ಊರಾದ ಸಾಂಕ್ರಿಯ ಒಬ್ಬ ಗೈಡ್. ತಂಡದ ಹಿರಿಯರು ಧಾರವಾಡದ ನಿವೃತ್ತ ಪಿ.ಟಿ. ಮಾಸ್ತರು. ಹ್ಯಾಮಕ್ ಹುಡುಗ ಅವರ ಅಕ್ಕನ ಮಗ, ಕೊಪ್ಪಿಕರ್ ರಸ್ತೆ ಕಡೆ ಮೊಬೈಲ್ ರಿಪೇರಿ ಮಾಡುತ್ತಾನೆ. ನಾನು ಗದಗಿನವನು, ಮಾಸ್ತರ ಹಳೆಯ ವಿದ್ಯಾರ್ಥಿ. ಮಾಸ್ತರು ಅವನನ್ನು ಅಳಿಯ ಎಂದೇ ಕರೆಯುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಯಾಕೆ ಹ್ಯಾಮಕ್?

ಅಳಿಯನಿಗೆ ಬರೀ ಹುಚ್ಚು ಇತ್ತು ಎಂದು ತಳ್ಳಿಹಾಕುವ ಹಾಗಿಲ್ಲ. ಅವನ ವಾದದಲ್ಲಿ ಅರ್ಥ ಇತ್ತು. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಆಮೇಲೆ ಆ ರಾಜ್ಯದ ಎಷ್ಟೋ ಕ್ಯಾಂಪ್‌ಗಳು ಹುಲ್ಲುಗಾವಲು ಬಿಟ್ಟು ಕಾಡಿನ ಅಂಚಿಗೆ ಇಳಿದವು. ಕ್ಯಾಂಪ್ ಕಾಡಿನಲ್ಲಿ ಇದ್ದರೆ ಮರ ಇರುತ್ತದೆ, ಮರ ಇದ್ದರೆ ಹ್ಯಾಮಕ್ ಕಟ್ಟಬಹುದು ಅಲ್ವಾ? ಇಳಿಜಾರು ಇರಲಿ, ಕಲ್ಲು ಇರಲಿ, ಬೇರು ಇರಲಿ, ಹ್ಯಾಮಕ್‌ಗೆ ಅದರ ಚಿಂತೆ ಇಲ್ಲ. ನೆಲ ಸಮ ಮಾಡಬೇಕಿಲ್ಲ, ಹುಲ್ಲು ತುಳಿದು ಹಾಳು ಮಾಡಬೇಕಿಲ್ಲ. ಬೆನ್ನುನೋವು ಇರುವವರಿಗೆ ನೆಲಕ್ಕಿಂತ ಹಿತ ಅನ್ನುವವರೂ ಇದ್ದಾರೆ. ಮಾಸ್ತರು ಮಾತ್ರ ಮೊದಲ ದಿನದಿಂದ ಒಪ್ಪಲಿಲ್ಲ. ಅವರ ತಕರಾರು ಒಂದೇ: "ಮಳೀಗಾಲದಾಗ ನಡೀತೈತಿ, ಥಂಡ್ಯಾಗ ನಡ್ಯಾಂಗಿಲ್ಲ." ಯಾಕೆ ನಡೆಯುವುದಿಲ್ಲ ಎಂದು ಕೇಳಿದರೆ ಅವರ ಹತ್ತಿರ ಕಾರಣ ಇರಲಿಲ್ಲ, ಅನುಮಾನ ಇತ್ತು. ಅಳಿಯನ ಹತ್ತಿರ ತೂಕದ ಲೆಕ್ಕ ಇತ್ತು. ಲೆಕ್ಕ ಗೆದ್ದಿತು.

ಆ ಲೆಕ್ಕ ಹೀಗೆ. ಹ್ಯಾಮಕ್ 600 ಗ್ರಾಂ, ಮರಕ್ಕೆ ಸುತ್ತುವ ಪಟ್ಟಿಗಳು 300 ಗ್ರಾಂ, ಮೇಲೆ ಹೊದಿಸುವ ತಾಡಪತ್ರಿ 700 ಗ್ರಾಂ. ಒಟ್ಟು 1.6 ಕೆ.ಜಿ. ಇಬ್ಬರು ಮಲಗುವ ಟೆಂಟ್ 2.4 ಕೆ.ಜಿ. ಅವನು ಹೋಲಿಸಿದ್ದು 1.6 ಮತ್ತು 2.4ನ್ನು. ಟೆಂಟ್ ಇಬ್ಬರ ಹೆಗಲಿಗೆ ಹಂಚಿಕೆಯಾಗುತ್ತದೆ ಎಂಬುದು ಲೆಕ್ಕದಲ್ಲಿ ಇರಲಿಲ್ಲ. ಬೆನ್ನ ಕೆಳಗೆ ಹಾಕಬೇಕಾದದ್ದೂ ಇರಲಿಲ್ಲ. ಪ್ರಕರಣದ ಬೇರು ಇರುವುದು ಇಲ್ಲೇ.

ಮಾವಿನ ತೋಟದ ಪರೀಕ್ಷೆ

ಹೊರಡುವ ಮೊದಲು ಪ್ರಯೋಗ ಮಾಡಲಿಲ್ಲ ಎಂದೇನಲ್ಲ. ನೃಪತುಂಗ ಬೆಟ್ಟ ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡಿದ್ದ. ಅಕ್ಟೋಬರ್‌ನಲ್ಲಿ ಕಲಘಟಗಿ ರಸ್ತೆಯ ಕಡೆ ಪರಿಚಯದವರ ಮಾವಿನ ತೋಟದಲ್ಲಿ ಹ್ಯಾಮಕ್ ಕಟ್ಟಿ ರಾತ್ರಿ ಪೂರ್ತಿ ಮಲಗಿದ್ದ. ಬೆಳಗ್ಗೆ ಫೋನ್ ಮಾಡಿ "ಮಾಮಾ, ಮನ್ಯಾಗಿನ್ಕಿಂತ ಚಲೋ ನಿದ್ದಿ ಬಂತು" ಎಂದಿದ್ದ. ಸೊಳ್ಳೆ ಕಚ್ಚಲಿಲ್ಲ, ಗಂಟು ಬಿಚ್ಚಲಿಲ್ಲ, ತಾಡಪತ್ರಿ ಹಾರಲಿಲ್ಲ. ಅವನ ಪ್ರಕಾರ ಪರೀಕ್ಷೆ ಪಾಸು.

ಆದರೆ ಆ ರಾತ್ರಿ ಧಾರವಾಡದಲ್ಲಿ ಇಪ್ಪತ್ತು ಡಿಗ್ರಿ ಹತ್ತಿರ ಇತ್ತು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್. ಜುಡಾ ಕಾ ತಾಲಾಬ್ ಅದಕ್ಕಿಂತ ಎರಡು ಸಾವಿರ ಮೀಟರ್ ಮೇಲೆ. ಸಾವಿರ ಮೀಟರ್ ಹತ್ತಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಎತ್ತರ ಒಂದರಿಂದಲೇ ಹದಿಮೂರು ಡಿಗ್ರಿ ಹೋಯಿತು. ಧಾರವಾಡ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಾಂಕ್ರಿ ಇರುವುದು 31ರಲ್ಲಿ. ಅಲ್ಲಿ ನವೆಂಬರ್ ಅಂದರೆ ಚಳಿಗಾಲ ಬಾಗಿಲಿಗೆ ಬಂದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ನೆಲದ ಬಿಸಿ ರಾತ್ರಿ ಬೇಗ ಮೇಲಕ್ಕೆ ಹೋಗಿಬಿಡುತ್ತದೆ. ತೋಟದಲ್ಲಿ ಪಾಸಾದದ್ದು ಗಂಟು ಮತ್ತು ಬಟ್ಟೆ. ಚಳಿಯ ಪರೀಕ್ಷೆ ನಡೆದೇ ಇರಲಿಲ್ಲ.

ತೋಟದಿಂದ ಅವನು ಇನ್ನೊಂದು ಪಾಠ ಕಲಿತು ಬಂದಿದ್ದ, ಅದೂ ಎಡವಟ್ಟಾಯಿತು. ಅಲ್ಲಿ ಹ್ಯಾಮಕ್ ಜೋತುಬಿದ್ದು ಕುಂಡೆ ನೆಲಕ್ಕೆ ತಾಗಿತ್ತಂತೆ. ಹಾಗಾಗಿ ಬೆಟ್ಟದಲ್ಲಿ ಬಿಗಿಯಾಗಿ ಕಟ್ಟಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡ.

ಮೊದಲ ರಾತ್ರಿ

ರೈಲು, ಡೆಹ್ರಾಡೂನ್, ಅಲ್ಲಿಂದ ಮಸ್ಸೂರಿ, ಪುರೋಲಾ, ಮೋರಿ ದಾಟಿ ಸಾಂಕ್ರಿ. ದಾರಿಯ ಕತೆ ಇಲ್ಲಿ ಬೇಡ. ಸಾಂಕ್ರಿ ಸುಮಾರು 1,950 ಮೀಟರ್, ಅಲ್ಲಿ ಒಂದು ರಾತ್ರಿ ತಂಗಿ ಮರುದಿನ ಜುಡಾ ಕಾ ತಾಲಾಬ್‌ಗೆ ಹತ್ತಿದೆವು. ಅದು ಕಾಡಿನ ನಡುವಿನ ಬಯಲಿನಲ್ಲಿರುವ ಸಣ್ಣ ಕೆರೆ. ಸುತ್ತ ಪೈನ್, ಓಕ್ ಮರಗಳು. ಇಡೀ ಪ್ರದೇಶ ಗೋವಿಂದ್ ಪಶು ವಿಹಾರ್ ಎಂಬ ವನ್ಯಜೀವಿ ಧಾಮಕ್ಕೆ ಸೇರಿದ್ದರಿಂದ ಮರಕ್ಕೆ ಏನಾದರೂ ಕಟ್ಟುವ ಮೊದಲು ಕೇಳಬೇಕು ಎಂದು ಗೈಡ್ ಮೊದಲೇ ಹೇಳಿದ್ದ. ಅನುಮತಿ ಅವನೇ ಮಾತಾಡಿ ಪಡೆದ. ಅಳಿಯ ತಂದಿದ್ದ ಪಟ್ಟಿಗಳು ಎರಡು ಬೆರಳು ಅಗಲದವು, ಪಾಲಿಯೆಸ್ಟರ್‌ನವು. ಈ ವಿಷಯದಲ್ಲಿ ಅವನು ಸರಿ. ತೆಳ್ಳಗಿನ ಹಗ್ಗ ಕಟ್ಟಿದರೆ ತೊಗಟೆ ಕುಯ್ಯುತ್ತದೆ, ನೈಲಾನ್ ಪಟ್ಟಿಯಾದರೆ ರಾತ್ರಿ ಎಳೆದುಕೊಂಡು ಉದ್ದವಾಗುತ್ತದೆ.

ಜಾಗ ಆರಿಸಿದ್ದು ಕೆರೆಯ ದಂಡೆಯಲ್ಲಿ. ಬೆಳಗ್ಗೆ ಕಣ್ಣು ಬಿಟ್ಟರೆ ನೀರು ಕಾಣಬೇಕು ಎಂಬ ಆಸೆ. ಗೈಡ್ ಒಮ್ಮೆ ತಲೆ ಅಲ್ಲಾಡಿಸಿದ, ಆಮೇಲೆ ಸುಮ್ನೆ ಹೋದ.

ಬಿಗಿಯಾಗಿ ಕಟ್ಟಿದ್ದರಿಂದ ಪಟ್ಟಿ ಹೆಚ್ಚುಕಡಿಮೆ ಅಡ್ಡಕ್ಕೇ ಇತ್ತು, ಹತ್ತು ಡಿಗ್ರಿ ಇಳಿಜಾರು ಇರಬಹುದು. ಫೋಮ್ ಮ್ಯಾಟ್ ತಂದಿದ್ದ, ಆದರೆ ಅದು ಜಾರುತ್ತದೆ ಎಂದು ಟೆಂಟ್‌ನಲ್ಲೇ ಬಿಟ್ಟ. ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ ಮೈನಸ್ 5 ಎಂದು ಬರೆದಿತ್ತು. ಎಂಟಕ್ಕೆಲ್ಲ ಒಳಗೆ ಸೇರಿದ.

ಒಂದೂವರೆ ಸುಮಾರಿಗೆ ಟೆಂಟ್‌ನ ಜಿಪ್ ಎಳೆಯುವ ಸದ್ದಾಯಿತು. "ಮಾಮಾ, ಮ್ಯಾಲ ಬೆಚ್ಚಗ ಐತಿ. ಬೆನ್ನಿಗೆ ಬರ್ಫ ಹಚ್ಚಿದಂಗ ಆಗಾಕತ್ತೈತಿ." ಹಲ್ಲು ಕಟಕಟ ಎನ್ನುತ್ತಿತ್ತು. ಮಾಸ್ತರು ಬೈಯಲಿಲ್ಲ. "ಮೊದ್ಲ ಒಳಗ ಬಾ. ಮಾತು ಮುಂಜಾನೆ ಆಡೂಣು" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಥರ್ಮಾಸ್‌ನಲ್ಲಿದ್ದ ಬಿಸಿನೀರು ಕುಡಿಸಿದರು. ಮ್ಯಾಟ್ ಮೇಲೆ ಅದೇ ಬ್ಯಾಗ್‌ನಲ್ಲಿ ಮಲಗಿದ. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ನಿದ್ದೆ ಮಾತ್ರ ಸರಿಯಾಗಿ ಹತ್ತಲಿಲ್ಲ. ನಸುಕಿನಲ್ಲಿ ಕೆರೆಯ ದಂಡೆಯಲ್ಲಿ ಇಟ್ಟಿದ್ದ ನನ್ನ ಥರ್ಮಾಮೀಟರ್ ಮೈನಸ್ 3 ತೋರಿಸುತ್ತಿತ್ತು.

ಚಳಿ ಬಂದದ್ದು ಎಲ್ಲಿಂದ

ಅದೇ ಹುಡುಗ, ಅದೇ ಬ್ಯಾಗ್, ಅದೇ ಬಟ್ಟೆ. ಹ್ಯಾಮಕ್‌ನಲ್ಲಿ ನಡುಕ, ಟೆಂಟ್‌ನಲ್ಲಿ ಅರ್ಧ ಗಂಟೆಗೆ ಬೆಚ್ಚಗೆ. ಟೆಂಟ್ ಗಾಳಿ ತಡೆದದ್ದು, ಪಕ್ಕದಲ್ಲಿ ಇಬ್ಬರು ಇದ್ದದ್ದು, ಬಿಸಿನೀರು, ಎಲ್ಲವೂ ಸ್ವಲ್ಪ ಸ್ವಲ್ಪ ಸಹಾಯ ಮಾಡಿವೆ. ಆದರೆ ದೊಡ್ಡ ವ್ಯತ್ಯಾಸ ಅವನು ಬಿಟ್ಟುಹೋಗಿದ್ದ ಆ ಫೋಮ್ ಮ್ಯಾಟ್.

ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ. ಒಳಗಿನ ಹತ್ತಿಯಂಥ ಫೈಬರ್ ಅಥವಾ ಪುಕ್ಕ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುತ್ತದೆ. ನಿಂತ ಗಾಳಿಯೇ ಮೈಬಿಸಿ ಹೊರಗೆ ಹೋಗದಂತೆ ತಡೆಯುವುದು. ಮೇಲೆ ಮಲಗಿದಾಗ ಬೆನ್ನ ಕೆಳಗಿನ ಭಾಗ ಪೂರ್ತಿ ಒತ್ತಿಹೋಗುತ್ತದೆ. ಗಾಳಿಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಬ್ಯಾಗ್‌ನ ಕೆಳಭಾಗ ಬರೀ ಎರಡು ಪದರ ಬಟ್ಟೆ. ನೆಲದ ಮೇಲೂ ಇದೇ ಆಗುತ್ತದೆ, ಆದರೆ ಅಲ್ಲಿ ಕೆಳಗೆ ಮ್ಯಾಟ್ ಇರುತ್ತದೆ, ಆ ಕೆಲಸವನ್ನು ಅದು ನೋಡಿಕೊಳ್ಳುತ್ತದೆ. ಹ್ಯಾಮಕ್‌ನಲ್ಲಿ ಬೆನ್ನಿನ ಕೆಳಗೆ ಇರುವುದು ತೆಳು ನೈಲಾನ್, ಅದರ ಕೆಳಗೆ ಹರಿದಾಡುವ ತಣ್ಣನೆ ಗಾಳಿ. ಬೆನ್ನು ಕಾಯಿಸಿದ ಗಾಳಿ ನಿಲ್ಲುವುದಿಲ್ಲ, ಹೋಗುತ್ತದೆ, ಹೊಸ ತಣ್ಣನೆ ಗಾಳಿ ಬರುತ್ತದೆ. ರಾತ್ರಿಯಿಡೀ ಇದೇ ನಡೆಯುತ್ತದೆ. ಬಿರುಗಾಳಿ ಬೇಕಿಲ್ಲ, ಎಲೆ ಅಲುಗಾಡುವಷ್ಟು ಸಾಕು.

ಇನ್ನು ಆ ಮೈನಸ್ 5. ಬ್ಯಾಗ್‌ಗಳ ತಾಪಮಾನ ಅಳೆಯಲು ಯುರೋಪಿನಲ್ಲಿ ಮೊದಲು ಇಎನ್ 13537 ಎಂಬ ಮಾನದಂಡ ಬಂತು, ಈಗ ಅದರ ಜಾಗದಲ್ಲಿ ಐಎಸ್ಒ 23537 ಇದೆ. ಬಿಸಿ ಮಾಡಿದ ಬೊಂಬೆಯೊಂದನ್ನು ಬ್ಯಾಗ್‌ನಲ್ಲಿ ಮಲಗಿಸಿ ಅಳೆಯುತ್ತಾರೆ. ಆ ಬೊಂಬೆಯ ಕೆಳಗೆ ಮ್ಯಾಟ್ ಹಾಸಿರುತ್ತಾರೆ. ಅಂದರೆ ಬ್ಯಾಗ್ ಮೇಲಿನ ಅಂಕಿಗೆ ಅರ್ಥ ಬರುವುದೇ ಕೆಳಗೆ ಮ್ಯಾಟ್ ಇದ್ದಾಗ. ಮತ್ತೊಂದು ವಿಷಯ: ಒಂದೇ ಬ್ಯಾಗ್‌ಗೆ ಎರಡು ಮುಖ್ಯ ಅಂಕಿ ಇರುತ್ತವೆ. ಹಾಯಾಗಿ ನಿದ್ದೆ ಬರುವ ಅಂಕಿ ಒಂದು. ಮುದುಡಿ ಮಲಗಿದ ಗಂಡಸು ಹೇಗೋ ರಾತ್ರಿ ಕಳೆಯಬಹುದಾದ ಅಂಕಿ ಇನ್ನೊಂದು. ದೊಡ್ಡ ಅಕ್ಷರದಲ್ಲಿ ಛಾಪಿಸುವುದು ಬಹಳ ಸಲ ಎರಡನೆಯದನ್ನು. ಅಳಿಯನ ಬ್ಯಾಗ್‌ನ ಒಳಗಿನ ಚೀಟಿ ತಿರುಗಿಸಿ ನೋಡಿದರೆ ಹಾಯಾದ ಅಂಕಿ ಪ್ಲಸ್ 1 ಎಂದಿತ್ತು. ಮಾಸ್ತರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ನನಗೆ ಅದು ಸ್ವಲ್ಪ ಅತಿ ಅನ್ನಿಸಿತು, ಆದರೆ ಮಾಸ್ತರಿಕೆ ನಿವೃತ್ತಿಯಾಗುವುದಿಲ್ಲ.

ಬಿಗಿಯಾಗಿ ಕಟ್ಟಿದ್ದೂ ಚಳಿಗೆ ಒಂದು ಕಾರಣ. ಇದನ್ನು ನಾವು ಆ ದಿನ ಮಧ್ಯಾಹ್ನ ಕೂತು ಲೆಕ್ಕ ಹಾಕಿದೆವು. ಹುಡುಗ, ಬ್ಯಾಗ್ ಸೇರಿ 75 ಕೆ.ಜಿ. ಎಂದಿಟ್ಟುಕೊಳ್ಳಿ. ಪಟ್ಟಿ ಅಡ್ಡ ಗೆರೆಯಿಂದ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಒಂದೊಂದು ಕಡೆಗೂ ಬೀಳುವ ಎಳೆತ ಅಷ್ಟೇ, 75 ಕೆ.ಜಿ. 15 ಡಿಗ್ರಿಗೆ ಇಳಿಸಿದರೆ ಒಂದೊಂದು ಕಡೆಗೆ 145. ಹತ್ತು ಡಿಗ್ರಿ ಆದರೆ 216. ಮಲಗಿರುವುದು ಒಬ್ಬನೇ, ಮರದ ಮೇಲೆ ಮೂವರು ಜೋತುಬಿದ್ದಷ್ಟು ಎಳೆತ. ಹೀಗೆ ಎಳೆದಾಗ ಬಟ್ಟೆಯ ಎರಡೂ ಅಂಚು ಹೆಗಲ ಮೇಲೆ ಒತ್ತುತ್ತವೆ. ಹೆಗಲ ಹತ್ತಿರ ಬ್ಯಾಗ್ ಮತ್ತೆ ಚಪ್ಪಟೆಯಾಗುತ್ತದೆ, ಅಲ್ಲೂ ಚಳಿ. ಜೊತೆಗೆ ಓರೆಯಾಗಿ ಮಲಗಲು ಆಗುವುದಿಲ್ಲ. ಹ್ಯಾಮಕ್‌ನಲ್ಲಿ ತಲೆ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ ಓರೆ ಮಾಡಿಕೊಂಡರೆ ಮಾತ್ರ ಬೆನ್ನು ಹೆಚ್ಚುಕಡಿಮೆ ಸಪಾಟಾಗುತ್ತದೆ. ಅದಕ್ಕೆ ಬಟ್ಟೆ ಸಡಿಲ ಇರಬೇಕು. ಕುಂಡೆ ನೆಲಕ್ಕೆ ತಾಗಿದರೆ ಪಟ್ಟಿಯನ್ನು ಮರದ ಮೇಲೆ ಇನ್ನೂ ಎತ್ತರಕ್ಕೆ ಕಟ್ಟಬೇಕೇ ಹೊರತು ಬಿಗಿ ಮಾಡಬಾರದು. ತೋಟದಲ್ಲೇ ಇದು ಗೊತ್ತಾಗಬಹುದಿತ್ತು.

ಜಾಗದ ವಿಷಯ ಗೈಡ್ ಹೇಳಿದ. ರಾತ್ರಿ ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಹರಿದು ತಗ್ಗಿಗೆ ಬಂದು ನಿಲ್ಲುತ್ತದೆ. ಕೆರೆ ಇರುವುದೇ ತಗ್ಗಿನಲ್ಲಿ. ಮೇಲೆ ಬಯಲು ಆಕಾಶ, ಮರದ ಮರೆಯೂ ಇಲ್ಲ. ಅವನ ಊರಿನವರು ದನ ಕಟ್ಟುವುದೂ ಸ್ವಲ್ಪ ಮೇಲಿನ ಇಳಿಜಾರಿನಲ್ಲಂತೆ. ಇದನ್ನು ಸಂಜೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ಕೇಳಲಿಲ್ಲವಲ್ಲ ಎಂದು ನಕ್ಕ.

ಬೆಳಗಿನ ತಲೆನೋವು

ಚಳಿಯ ಕಾರಣ ಹುಡುಕುವುದು ಸುಲಭದ ಕೆಲಸ. ಕಷ್ಟ ಇದ್ದದ್ದು ತಲೆನೋವಿನಲ್ಲಿ. ಪ್ರಕರಣದಲ್ಲಿ ನಿಜವಾಗಿ ಅಪಾಯ ಇದ್ದದ್ದೂ ಇಲ್ಲೇ.

ಅಳಿಯನ ವಿವರಣೆ ಸಿದ್ಧವಾಗಿತ್ತು. ಹ್ಯಾಮಕ್ ತೂಗಿದ್ದಕ್ಕೆ ವಾಕರಿಕೆ, ನಿದ್ದೆ ಇಲ್ಲದ್ದಕ್ಕೆ ತಲೆನೋವು. "ಚಾ ಕುಡದ್ರ ಹೋಗತೈತಿ ಮಾಮಾ, ನಡೀರಿ." ಕೇಳಲು ಸರಿಯಾಗಿಯೇ ಇತ್ತು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವನು ತೂಗುವ ಹಾಸಿಗೆಯಲ್ಲಿ ವಾಕರಿಸಿದರೆ ಆಶ್ಚರ್ಯ ಏನು?

ಆದರೆ 2,500 ಮೀಟರ್ ದಾಟಿದ ಮೇಲೆ ತಲೆನೋವು, ಜೊತೆಗೆ ವಾಕರಿಕೆ ಅಥವಾ ಸುಸ್ತು ಅಥವಾ ತಲೆಸುತ್ತು ಬಂದರೆ ಮೊದಲ ಅನುಮಾನ ಎತ್ತರದ ಕಾಯಿಲೆಯ ಮೇಲೆ, ಅಂದರೆ ಎಎಂಎಸ್ ಮೇಲೆ. ಬೇರೆ ಕಾರಣ ಇದ್ದಿರಬಹುದು. ಆದರೆ ಬೆಟ್ಟದಲ್ಲಿ ಅದು ಎತ್ತರದ ಕಾಯಿಲೆ ಅಲ್ಲ ಎಂದು ಗೊತ್ತಾಗುವವರೆಗೆ ಅದೇ ಎಂದು ತಿಳಿದು ನಡೆಯಬೇಕು. ನಾವು ಒಂದೇ ದಿನದಲ್ಲಿ 800 ಮೀಟರ್‌ಗೂ ಹೆಚ್ಚು ಮೇಲೆ ಬಂದು ಮಲಗಿದ್ದೆವು. ಅಳಿಯ ನೀರೂ ಕಡಿಮೆ ಕುಡಿದಿದ್ದ. ರಾತ್ರಿ ಹ್ಯಾಮಕ್‌ನಿಂದ ಇಳಿದು ಉಚ್ಚೆಗೆ ಹೋಗುವುದು ಬೇಡ ಎಂದು ಸಂಜೆಯಿಂದಲೇ ನೀರು ಬಿಟ್ಟಿದ್ದನಂತೆ. ಇದು ಹ್ಯಾಮಕ್‌ನಲ್ಲಿ ಮಲಗುವವರಿಗೆ ತಾನಾಗಿ ಅಂಟಿಕೊಳ್ಳುವ ಚಾಳಿ, ಗಮನ ಇರಲಿ.

ಇಲ್ಲಿ ಹ್ಯಾಮಕ್ ಮಾಡಿದ ನಿಜವಾದ ತೊಂದರೆ ಚಳಿಯಲ್ಲ, ಲಕ್ಷಣ ಕಲಸಿಬಿಟ್ಟದ್ದು. ನಡುಕ, ನಿದ್ದೆಗೇಡು, ತೂಗಾಟ, ನೀರಿನ ಕೊರತೆ, ಎತ್ತರ, ಐದೂ ಸೇರಿ ಒಂದೇ ತಲೆನೋವು ಕೊಟ್ಟವು. ಯಾವುದು ಎಷ್ಟು ಎಂದು ಬೆಳಗ್ಗೆ ಏಳು ಗಂಟೆಗೆ ಯಾರೂ ಹೇಳಲಾರರು. ಟೆಂಟ್‌ನಲ್ಲಿ ಬೆಚ್ಚಗೆ ಮಲಗಿ ಎದ್ದವನಿಗೆ ತಲೆನೋವು ಬಂದಿದ್ದರೆ ನಮಗೆ ಅನುಮಾನವೇ ಇರುತ್ತಿರಲಿಲ್ಲ, ನೆಪಗಳೂ ಇರುತ್ತಿರಲಿಲ್ಲ.

ಮಾಸ್ತರು ಮಾಡಿದ್ದು ಇದು. ಮೊದಲು ಅವನನ್ನು ಒಂದು ಗೆರೆಯ ಮೇಲೆ ನಡೆಸಿದರು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳ ತುದಿ ತಾಗಿಸುತ್ತಾ. ತೂರಾಡಿದರೆ ಮೆದುಳಿಗೆ ಊತ ಬಂದಿರಬಹುದು, ಆಗ ಮಾತಿಲ್ಲದೆ ಕೆಳಗೆ ಇಳಿಸಬೇಕು. ತೂರಾಡಲಿಲ್ಲ. ಕೂತಾಗ ಉಸಿರು ಕಟ್ಟುತ್ತಿದೆಯೇ, ಕೆಮ್ಮು ಇದೆಯೇ ಎಂದು ಕೇಳಿದರು. ಇಲ್ಲ. ಒಂದು ಪ್ಯಾರಾಸಿಟಮಾಲ್, ನಿಧಾನಕ್ಕೆ ಎರಡು ಲೀಟರ್ ನೀರು, ಗಂಜಿ. ಎತ್ತರದ ಕಾಯಿಲೆಗೆ ಕೊಡುವ ಡಯಮಾಕ್ಸ್ ಮಾತ್ರೆ ಪೆಟ್ಟಿಗೆಯಲ್ಲಿತ್ತು, ಆದರೆ ಸಲ್ಫಾ ಔಷಧಗಳ ಅಲರ್ಜಿ ಇರುವವರಿಗೆ ಅದು ಆಗಿಬರದೇ ಇರಬಹುದು. ತನಗೆ ಅಲರ್ಜಿ ಇದೆಯೋ ಇಲ್ಲವೋ ಅಳಿಯನಿಗೆ ಗೊತ್ತಿರಲಿಲ್ಲ. ಕೊಡಲಿಲ್ಲ. ಊರು ಬಿಡುವ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕಾದ ಮಾತು ಅದು.

ಆಮೇಲೆ ತೀರ್ಮಾನ: ಇವತ್ತು ಮೇಲೆ ಹೋಗುವುದಿಲ್ಲ, ಇಲ್ಲೇ ಇನ್ನೊಂದು ರಾತ್ರಿ. ಸಂಜೆಯೊಳಗೆ ಕಡಿಮೆಯಾಗದಿದ್ದರೆ ಸಾಂಕ್ರಿಗೆ ವಾಪಸ್. ದೊಡ್ಡ ಗುಂಪಿನ ಜೊತೆ ಬಂದಿದ್ದರೆ ಈ ಸ್ವಾತಂತ್ರ್ಯ ಸಿಗುತ್ತಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತಲೆನೋವು ಇಲ್ಲದಿದ್ದರೂ ಇಲ್ಲಿ ಒಂದು ದಿನ ನಿಲ್ಲುವುದು ಒಳ್ಳೆಯದೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಾಗಬಾರದು ಎಂದು ವೈದ್ಯರು ಹೇಳುತ್ತಾರೆ. ಇಲ್ಲಿಂದ ಬೇಸ್ ಕ್ಯಾಂಪ್‌ಗೆ ಒಂದೇ ನೆಗೆತದಲ್ಲಿ 660 ಮೀಟರ್. ರಜೆ ಕಡಿಮೆ ಇರುವವರಿಗಾಗಿ ಹೊಲಿದ ವೇಳಾಪಟ್ಟಿ ಅದು, ಶ್ವಾಸಕೋಶಕ್ಕಾಗಿ ಹೊಲಿದದ್ದಲ್ಲ.

ಮಧ್ಯಾಹ್ನದ ಹೊತ್ತಿಗೆ ತಲೆನೋವು ಇಳಿಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೇಳಿ ತಿಂದ. ಮಾಸ್ತರ ಮುಖ ಸಡಿಲವಾಯಿತು.

ಎರಡನೇ ರಾತ್ರಿ

ಮತ್ತೆ ಹ್ಯಾಮಕ್‌ನಲ್ಲೇ ಮಲಗುತ್ತೇನೆ ಎಂದ. ಮಾಸ್ತರು ಒಪ್ಪಿದರು, ಒಂದು ಷರತ್ತಿನ ಮೇಲೆ: ಟೆಂಟ್‌ನಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು.

ಈ ಸಲ ಕೆರೆ ಬಿಟ್ಟು ಇಳಿಜಾರಿನಲ್ಲಿ ಸ್ವಲ್ಪ ಮೇಲೆ, ದಟ್ಟ ಮರಗಳ ಕೆಳಗೆ ಜಾಗ ಹುಡುಕಿದೆವು. ತಲೆ ಎತ್ತಿ ಒಣಕೊಂಬೆ ಜೋತಾಡುತ್ತಿದೆಯೇ ನೋಡಿದೆವು. ಎರಡೂ ಮರ ಹಸಿ ಇವೆ, ಅಪ್ಪಿಕೊಂಡು ದೂಡಿದರೂ ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಸತ್ತ ಮರಕ್ಕೆ ಕಟ್ಟಿ ಮರವೇ ಮೈಮೇಲೆ ಬಿದ್ದು ಪ್ರಾಣ ಹೋದದ್ದುಂಟು. ನಡುವೆ ಐದು ಮೀಟರ್‌ಗೆ ಸ್ವಲ್ಪ ಕಡಿಮೆ ಅಂತರ. ಪಟ್ಟಿಯನ್ನು ತಲೆಯಷ್ಟು ಎತ್ತರಕ್ಕೆ ಕಟ್ಟಿ ಸಡಿಲ ಬಿಟ್ಟೆವು. 30 ಡಿಗ್ರಿ ಅಳೆಯಲು ಯಂತ್ರ ಬೇಕಿಲ್ಲ. ತೋರುಬೆರಳನ್ನು ಅಡ್ಡಕ್ಕೆ, ಹೆಬ್ಬೆರಳನ್ನು ಮೇಲಕ್ಕೆ ಹಿಡಿಯಿರಿ. ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಎಳೆದ ಗೆರೆ ಸುಮಾರು ಅಷ್ಟೇ ಇರುತ್ತದೆ. ಪಟ್ಟಿ ಆ ಗೆರೆಗೆ ಹೊಂದಿದರೆ ಸಾಕು. ಕುಳಿತಾಗ ಹ್ಯಾಮಕ್ ಕುರ್ಚಿಯ ಎತ್ತರಕ್ಕೆ ಬಂತು.

ಇನ್ನು ಬೆನ್ನ ಕೆಳಗಿನದು. ಫೋಮ್ ಮ್ಯಾಟ್ ಒಳಗೆ ಹಾಸಿದೆವು. ಅದು ಅರ್ಧ ಮೀಟರ್ ಅಗಲ, ನೆಲದ ಮೇಲೆ ಸಾಕು, ಹ್ಯಾಮಕ್‌ನಲ್ಲಿ ಬಟ್ಟೆ ಹೆಗಲನ್ನು ಸುತ್ತಿಕೊಳ್ಳುವುದರಿಂದ ಸಾಲುವುದಿಲ್ಲ. ಎರಡೂ ಹೆಗಲ ಪಕ್ಕಕ್ಕೆ ಮಡಚಿದ ಸ್ವೆಟರ್ ತುರುಕಿದೆವು. ಜಾರುವುದನ್ನು ತಪ್ಪಿಸಲು ಮ್ಯಾಟ್‌ನ್ನು ಸ್ಲೀಪಿಂಗ್ ಬ್ಯಾಗ್‌ನ ಒಳಗೇ ಹಾಕಿ ನೋಡಿದ, ಅದು ಚೆನ್ನಾಗಿ ನಿಂತಿತು.

ಆಮೇಲೆ ಕೌದಿ. ಮಾಸ್ತರ ಹೆಂಡತಿ ರೈಲಿಗೆಂದು ಕೊಟ್ಟು ಕಳಿಸಿದ್ದ ಹಳೆ ಸೀರೆಗಳ ಕೌದಿ, ಎರಡು ಕೆ.ಜಿ. ಮೇಲೇ ಇತ್ತು. ಅದನ್ನು ಸಾಂಕ್ರಿಯಲ್ಲಿ ಬಿಡದೆ ಹೊತ್ತು ತಂದದ್ದಕ್ಕೆ ದಾರಿಯುದ್ದಕ್ಕೂ ನಾವು ಮಾಸ್ತರನ್ನು ಆಡಿಕೊಂಡಿದ್ದೆವು. ಈಗ ಅದರ ನಾಲ್ಕು ಮೂಲೆಗೆ ಸಣ್ಣ ಕಲ್ಲು ಇಟ್ಟು, ಹೊರಗಿನಿಂದ ದಾರ ಬಿಗಿದು, ಹ್ಯಾಮಕ್‌ನ ಹೊರಗೆ ಕೆಳಗಡೆ ತೂಗುಬಿಟ್ಟೆವು. ಒಳಗೆ ಹಾಸದೆ ಹೊರಗೆ ಕಟ್ಟಿದ್ದಕ್ಕೆ ಕಾರಣ ಇದೆ. ಒಳಗಿದ್ದರೆ ಅದೂ ಮೈಭಾರಕ್ಕೆ ಒತ್ತಿಹೋಗುತ್ತದೆ. ಹೊರಗೆ ತೂಗಿದರೆ ಅದರ ಮೇಲೆ ಯಾರೂ ಮಲಗಿರುವುದಿಲ್ಲ, ದಪ್ಪ ಹಾಗೇ ಉಳಿಯುತ್ತದೆ, ಗಾಳಿಯೂ ನಿಲ್ಲುತ್ತದೆ. ಹ್ಯಾಮಕ್‌ನವರು ಅಂಡರ್‌ಕ್ವಿಲ್ಟ್ ಎಂದು ದುಡ್ಡು ಕೊಟ್ಟು ಕೊಳ್ಳುವುದು ಇದನ್ನೇ. ಕೌದಿ ಮೊದಲು ಭಾರಕ್ಕೆ ಜೋತುಬಿದ್ದು ನಾಲ್ಕು ಬೆರಳು ಸಂದು ಉಳಿಯಿತು. ಆ ಸಂದಿಯಲ್ಲಿ ಗಾಳಿ ಓಡಾಡಿದರೆ ಮಾಡಿದ್ದೆಲ್ಲ ವ್ಯರ್ಥ. ತಲೆಯ ಕಡೆ, ಕಾಲಿನ ಕಡೆ ಮುದುರಿ ಕಟ್ಟಿ ಸಂದು ಮುಚ್ಚಿದೆವು. ಹತ್ತಿ ಬಟ್ಟೆ ತೇವ ಹೀರುತ್ತದೆ, ಒದ್ದೆಯಾದರೆ ಕೆಲಸಕ್ಕೆ ಬಾರದು. ಅದಕ್ಕೆ ತಾಡಪತ್ರಿಯನ್ನು ತಗ್ಗಾಗಿ ಎಳೆದು ಕಟ್ಟಿದೆವು.

ಮಲಗುವ ಮೊದಲು ಎರಡು ಶೇಂಗಾ ಹೋಳಿಗೆ, ಬಾಟಲಿಯಲ್ಲಿ ಬಿಸಿನೀರು ತುಂಬಿ ಕಾಲ ನಡುವೆ. ನೀರು ಸರಿಯಾಗಿ ಕುಡಿದ, ರಾತ್ರಿ ಒಮ್ಮೆ ಎದ್ದು ಹೋಗಿ ಬಂದ, ಐದರವರೆಗೆ ಮಲಗಿದ. ತಲೆನೋವು ಇರಲಿಲ್ಲ. ಮೇಲಿನ ಜಾಗದಲ್ಲಿ ನಸುಕಿಗೆ ಥರ್ಮಾಮೀಟರ್ ಮೈನಸ್ 1 ತೋರಿಸಿತು.

ಕೌದಿ ಗೆದ್ದಿತು ಎಂದು ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ ಅಳಿಯ. ನಾನು ಅಷ್ಟು ಗಟ್ಟಿಯಾಗಿ ಹೇಳಲಾರೆ. ಜಾಗ ಬದಲಾಯಿತು, ಕಟ್ಟುವ ಕ್ರಮ ಬದಲಾಯಿತು, ಮ್ಯಾಟ್ ಬಂತು, ಕೌದಿ ಬಂತು, ಹೊಟ್ಟೆ ತುಂಬಿತ್ತು, ಮೈ ಎತ್ತರಕ್ಕೆ ಒಂದು ದಿನ ಹೆಚ್ಚು ಒಗ್ಗಿತ್ತು. ಎಲ್ಲ ಒಟ್ಟಿಗೆ ಬದಲಾದಾಗ ಯಾವುದಕ್ಕೆ ಎಷ್ಟು ಪಾಲು ಎಂದು ಹಂಚುವುದು ಹೇಗೆ? ಮೊದಲ ರಾತ್ರಿ ಟೆಂಟ್‌ನಲ್ಲಿ ನಡೆದದ್ದನ್ನು ನೋಡಿದರೆ ದೊಡ್ಡ ಪಾಲು ಮ್ಯಾಟ್‌ಗೆ ಸೇರಬೇಕು ಎಂದು ನನ್ನ ಅಂದಾಜು. ಮಾಸ್ತರ ಹೆಂಡತಿಯ ಮುಂದೆ ಮಾತ್ರ ನಾನೂ ಕೌದಿ ಎಂದೇ ಹೇಳುತ್ತೇನೆ.

ಮೇಲೆ ಮರ ಮುಗಿಯುತ್ತದೆ

ಬೇಸ್ ಕ್ಯಾಂಪ್ ಸುಮಾರು 3,430 ಮೀಟರ್. ಹಿಮಾಲಯದ ಈ ಭಾಗದಲ್ಲಿ ಕಾಡು ಸುಮಾರು 3,300ರಿಂದ 3,600 ಮೀಟರ್ ಒಳಗೆ ಮುಗಿಯುತ್ತದೆ. ಕೊನೆಗೆ ಉಳಿಯುವುದು ಖರ್ಸು ಓಕ್, ಭೋಜಪತ್ರೆಯಂಥ ಮರಗಳು, ಅವೂ ದೂರ ದೂರ, ಗಾಳಿಗೆ ಬಾಗಿದವು. ಭೋಜಪತ್ರೆಯ ತೊಗಟೆ ಹಾಳೆ ಹಾಳೆಯಾಗಿ ಕಿತ್ತುಬರುತ್ತದೆ, ಅದಕ್ಕೆ ಪಟ್ಟಿ ಸುತ್ತಲೇಬಾರದು. ಅಳಿಯ ತಾನಾಗಿಯೇ ಹ್ಯಾಮಕ್‌ನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ, ಟೆಂಟ್‌ಗೆ ಬಂದ. ನಡುರಾತ್ರಿ ಎದ್ದು 3,810 ಮೀಟರ್ ತುದಿಗೆ ಹತ್ತಿ, ಬಿಸಿಲು ಏರುವಷ್ಟರಲ್ಲಿ ಇಳಿದೆವು. ಅಲ್ಲಿ ಪ್ರಕರಣಕ್ಕೆ ಸಂಬಂಧಪಟ್ಟದ್ದು ಏನೂ ನಡೆಯಲಿಲ್ಲ.

ಊರಿಗೆ ಬಂದ ಮೇಲೆ

ಹಳೆಯ ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್ ಒಂದನ್ನು ಬಿಚ್ಚಿಸಿ, ದುರ್ಗದಬೈಲ್ ಹತ್ತಿರದ ದರ್ಜಿಯ ಕೈಯಲ್ಲಿ ಅಳಿಯ ಅಂಡರ್‌ಕ್ವಿಲ್ಟ್ ಹೊಲಿಸಿದ. ಉದ್ದಕ್ಕೂ ಎರಡು ಅಂಚಿಗೆ ನೇಫೆ, ಅದರಲ್ಲಿ ಇಲಾಸ್ಟಿಕ್ ದಾರ, ಎರಡು ತುದಿಗೆ ಎಳೆದು ಮುಚ್ಚುವ ಲಾಡಿ. ದರ್ಜಿಗೆ ಇದು ಏನೆಂದು ಕೊನೆಗೂ ಅರ್ಥವಾಗಲಿಲ್ಲ, ಆದರೆ ಹೊಲಿಗೆ ಅಚ್ಚುಕಟ್ಟಾಗಿದೆ. ತೂಕ 900 ಗ್ರಾಂ.

ಈಗ ಹಳೆಯ ಲೆಕ್ಕ ಮತ್ತೆ ಹಾಕಿ. 1.6 ಕೆ.ಜಿ.ಗೆ ಇದು ಸೇರಿದರೆ 2.5 ಕೆ.ಜಿ. ಟೆಂಟ್‌ನಲ್ಲಿ ಅವನ ಪಾಲಿನ ಭಾರ 1.2 ಕೆ.ಜಿ., ಮ್ಯಾಟ್ 350 ಗ್ರಾಂ. ಚಳಿಯಲ್ಲಿ ಹ್ಯಾಮಕ್ ಹಗುರ ಅಲ್ಲ, ಒಂದು ಕೆ.ಜಿ.ಯಷ್ಟು ಭಾರವೇ. ಒಂಟಿಯಾಗಿ ಹೋಗುವವನ ಲೆಕ್ಕ ಬೇರೆ, ಬೆಚ್ಚಗಿನ ಕಾಡಿನ ಲೆಕ್ಕವೂ ಬೇರೆ. ಸಹ್ಯಾದ್ರಿಯಲ್ಲಿ ಜಿಗಣೆ ಹರಿದಾಡುವ ಒದ್ದೆ ನೆಲದ ಮೇಲೆ ಯಾರಾದರೂ ಹ್ಯಾಮಕ್ ಬೇಕು ಎಂದರೆ, ಅನುಮತಿ ಇರುವ ಕಡೆ ನಾನೇ ಕಟ್ಟಿಕೊಡುತ್ತೇನೆ.

ಡಿಸೆಂಬರ್‌ನಲ್ಲಿ ಅದೇ ಮಾವಿನ ತೋಟದಲ್ಲಿ ಅಂಡರ್‌ಕ್ವಿಲ್ಟ್ ಪರೀಕ್ಷೆ ಆಯಿತು. 14 ಡಿಗ್ರಿ ಇತ್ತು, ಬೆನ್ನು ಬೆಚ್ಚಗಿತ್ತು. ಈ ಸಲ ಮಾಸ್ತರು ಲೆಕ್ಕ ಕೇಳಿದರು. ಚರ್ಮದ ಬಿಸಿ ಸುಮಾರು 33 ಎಂದು ಹಿಡಿದರೆ, ತೋಟದಲ್ಲಿ ಒಳಗೂ ಹೊರಗೂ ವ್ಯತ್ಯಾಸ 19 ಡಿಗ್ರಿ. ಕೆರೆಯ ದಂಡೆಯ ಮೈನಸ್ 3ರಲ್ಲಿ 36 ಡಿಗ್ರಿ. ಇಲ್ಲಿ ಎಷ್ಟು ದಪ್ಪ ಸರಿಯಾಗಿ ಸಾಕಾಯಿತೋ ಅಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ಬೇಕು. ತೋಟದ ಪರೀಕ್ಷೆಯಿಂದ ಗೊತ್ತಾಗುವುದು ಸಂದಿಯಲ್ಲಿ ಗಾಳಿ ನುಗ್ಗುತ್ತದೆಯೇ ಎಂಬುದಷ್ಟೇ. ಹಾಗಾಗಿ ಮೇ ತಿಂಗಳಲ್ಲಿ ಹರ್ ಕಿ ದೂನ್ ಕಣಿವೆಗೆ ಹೋಗುವಾಗ ಅಂಡರ್‌ಕ್ವಿಲ್ಟ್ ಜೊತೆ ಫೋಮ್ ಮ್ಯಾಟೂ ಬರುತ್ತದೆ. ಸಲ್ಫಾ ಅಲರ್ಜಿ ವಿಷಯ ಡಾಕ್ಟರ ಹತ್ತಿರ ಮಾತಾಡಿ ಆಗಿದೆ. ಟೆಂಟ್‌ನಲ್ಲಿ ಮೂವರಿಗೆ ಜಾಗ ಇಟ್ಟುಕೊಂಡೇ ಹೊರಡುವುದು ಎಂದು ಮಾಸ್ತರು ಹೇಳಿದ್ದಾರೆ. ಅಳಿಯ ಅದಕ್ಕೆ ಎದುರಾಡಿಲ್ಲ.